ಹಣ ಕಂಡಿತು, ಆದರೆ ಬಂತೇ?



ಹಾಡಿನ ಕೋರಿಕೆಗಳ ನಡುವೆ ಈ ಸಲ ಸ್ವಲ್ಪ ಬೇರೆ ರೀತಿಯ ಪ್ರಶ್ನೆಯೊಂದು ಬಂದಿದೆ. ನಮ್ಮ ಕೇಳುಗರೊಬ್ಬರ ಮಗ ಮನೆಯಲ್ಲೇ ಕುಳಿತು ಹೊರದೇಶದ ಗಿರಾಕಿಗಳಿಗೆ ಸಾಫ್ಟ್‌ವೇರ್ ಮಾರುತ್ತಾನಂತೆ. ಅವರಲ್ಲೊಬ್ಬ ಬಿಟ್‌ಕಾಯಿನ್‌ನಲ್ಲಿ ಹಣ ಕಳಿಸಿದ್ದಾನೆ. ಹುಡುಗನ ಮೊಬೈಲಿನಲ್ಲಿ ಮೊತ್ತವೇನೋ ಕಾಣಿಸಿತು, ಆದರೆ ಪಕ್ಕದಲ್ಲಿ ‘ಅನ್‌ಕನ್ಫರ್ಮ್ಡ್’ ಎಂಬ ಪದವೂ ಇತ್ತು. ಗಿರಾಕಿಗೆ ಅವಸರ. “ಹಣ ಬಂದಿದೆಯಲ್ಲ, ಸರಕು ಕಳಿಸಿಬಿಡಬಹುದೇ?” ಎಂಬುದು ತಂದೆಯ ಪ್ರಶ್ನೆ.

ಕಳಿಸಬೇಡಿ ಎಂದು ಕಾರ್ಯಕ್ರಮದಲ್ಲೇ ಹೇಳಿಬಿಟ್ಟೆ. ಏಕೆ ಎಂದು ಹೇಳಲು ಎರಡು ಹಾಡಿನ ನಡುವಿನ ಸಮಯ ಸಾಲದು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

‘ಕನ್ಫರ್ಮ್’ ಎಂಬ ಪದ ಊರು ಬಿಟ್ಟು ಬಂದ ನಮಗೆ ರೈಲ್ವೆಯಿಂದಲೇ ಪರಿಚಯ. ದೀಪಾವಳಿಗೆ ಮುಂಬಯಿಯಿಂದ ಬೆಂಗಳೂರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿಯಬೇಕೆಂದು ಟಿಕೆಟ್ ತೆಗೆಯುತ್ತೀರಿ. ದುಡ್ಡು ಕಟ್ಟಿದ್ದಾಗಿದೆ, ಪಿಎನ್‌ಆರ್ ಸಂಖ್ಯೆಯೂ ಕೈಯಲ್ಲಿದೆ, ಬರ್ತ್ ಮಾತ್ರ ಇಲ್ಲ. ಬಿಟ್‌ಕಾಯಿನ್ ಪಾವತಿಯೂ ಮೊದಲಿಗೆ ಹೀಗೇ ವೇಟಿಂಗ್ ಲಿಸ್ಟ್‌ನಲ್ಲಿರುತ್ತದೆ. ಕಳಿಸಿದವನ ಮೊಬೈಲಿನಿಂದ ಹೊರಟ ಸಂದೇಶ ಜಗತ್ತಿನಾದ್ಯಂತ ಇರುವ ಸಾವಿರಾರು ಕಂಪ್ಯೂಟರುಗಳಿಗೆ ಕೆಲವೇ ಕ್ಷಣಗಳಲ್ಲಿ ಹರಡುತ್ತದೆ. ಅವು ಅದನ್ನು ‘ಮೆಂಪೂಲ್’ ಎಂಬ ಕಾಯುವ ಸಾಲಿನಲ್ಲಿ ಇರಿಸಿಕೊಳ್ಳುತ್ತವೆ. ನಿಮ್ಮ ಮೊಬೈಲ್ ತೋರಿಸುವುದು ಈ ಸಾಲಿನಲ್ಲಿ ನಿಂತಿರುವ ಹೆಸರನ್ನು. ಮೈನರ್‌ಗಳೆಂಬ ಲೆಕ್ಕಿಗರು ಸರಾಸರಿ ಹತ್ತು ನಿಮಿಷಕ್ಕೊಮ್ಮೆ ಆ ಸಾಲಿನಿಂದ ಒಂದಷ್ಟು ಪಾವತಿಗಳನ್ನು ಎತ್ತಿ ‘ಬ್ಲಾಕ್’ ಎಂಬ ಪುಟದಲ್ಲಿ ಬರೆದು ಸಾರ್ವಜನಿಕ ಲೆಕ್ಕದ ಪುಸ್ತಕಕ್ಕೆ ಹೊಲಿಯುತ್ತಾರೆ. ಅದು ಮೊದಲನೆಯ ದೃಢೀಕರಣ. ಅದರ ಮೇಲೆ ಬೀಳುವ ಪ್ರತಿಯೊಂದು ಹೊಸ ಪುಟವೂ ಇನ್ನೊಂದು ದೃಢೀಕರಣ.

ರೈಲಿನ ಹೋಲಿಕೆ ಇಲ್ಲಿಗೆ ಮುಗಿಯಿತು ಅನ್ನಿ. ವೇಟಿಂಗ್ ಲಿಸ್ಟ್‌ನಲ್ಲಿರುವ ನಿಮ್ಮ ಹೆಸರನ್ನು ಬೇರೆಯವರು ಅಳಿಸಲಾರರು. ಇಲ್ಲಿ ಹಣ ಕೊಟ್ಟವನೇ ಅಳಿಸಬಲ್ಲ. ನಿಮಗೆ ಕಳಿಸಿದ ಅದೇ ಹಣವನ್ನು ಅವನು ಇನ್ನಷ್ಟು ಹೆಚ್ಚಿನ ಶುಲ್ಕ ಕಟ್ಟಿ ತನ್ನದೇ ಇನ್ನೊಂದು ವಿಳಾಸಕ್ಕೆ ಕಳಿಸಿದರೆ, ಮೈನರ್‌ಗಳು ಶುಲ್ಕ ಹೆಚ್ಚಿರುವುದನ್ನು ಎತ್ತಿಕೊಳ್ಳುತ್ತಾರೆ. ನಿಮ್ಮದು ಬಿದ್ದುಹೋಗುತ್ತದೆ. ಒಂದೇ ತೆಂಗಿನಕಾಯಿಯನ್ನು ಇಬ್ಬರಿಗೆ ಮಾರಿದ ಹಾಗೆ. ಇದಕ್ಕೆ ಡಬಲ್ ಸ್ಪೆಂಡ್ ಎನ್ನುತ್ತಾರೆ.

ಇದೆಲ್ಲ ಕಂಪ್ಯೂಟರ್ ಪಂಡಿತರ ಊಹೆ ಅಂದುಕೊಳ್ಳಬೇಡಿ. ಕೆನಡಾದಲ್ಲಿ ಬಿಟ್‌ಕಾಯಿನ್ ಕೊಟ್ಟು ನೋಟು ಪಡೆಯುವ ಯಂತ್ರಗಳಿವೆ, ನೋಡಲು ನಮ್ಮ ಎಟಿಎಂ ಥರವೇ. 2018ರ ಸೆಪ್ಟೆಂಬರ್‌ನಲ್ಲಿ ಕೆಲವರು ಇಂಥ ಯಂತ್ರದ ಮುಂದೆ ನಿಂತು ಬಿಟ್‌ಕಾಯಿನ್ ಕಳಿಸಿದರು. ಯಂತ್ರ ದೃಢೀಕರಣಕ್ಕೆ ಕಾಯದೆ ನೋಟು ಎಣಿಸಿ ಕೊಟ್ಟಿತು. ಇವರು ನೋಟು ಜೇಬಿಗೆ ಹಾಕಿಕೊಂಡು, ಕಂಪನಿಗೆ ಹಣ ತಲುಪುವ ಮೊದಲೇ ಪಾವತಿಯನ್ನು ರದ್ದು ಮಾಡಿದರು. ಹತ್ತು ದಿನ, ಏಳು ನಗರ, 112 ಸಲ! ಯಂತ್ರಗಳ ಕಂಪನಿಗೆ ಆದ ನಷ್ಟ 1,95,000 ಕೆನಡಾ ಡಾಲರ್. ಇದರಲ್ಲಿ ಸುಮಾರು ಅರ್ಧದಷ್ಟು ವಂಚನೆ ನಡೆದದ್ದು ಕ್ಯಾಲ್ಗರಿ ನಗರದಲ್ಲಿ. ಅಲ್ಲಿನ ಪೊಲೀಸರು 2019ರಲ್ಲಿ ನಾಲ್ವರ ಚಿತ್ರ ಪ್ರಕಟಿಸಿ ಜನರ ನೆರವು ಕೇಳಿದರು. ಲೆಕ್ಕ ಹಾಕಿ ನೋಡಿ, ಸಲಕ್ಕೆ ಸರಾಸರಿ 1,700 ಡಾಲರಿಗೂ ಹೆಚ್ಚು. ಬೀಗ ಒಡೆಯಲಿಲ್ಲ, ಯಾರ ಪಾಸ್‌ವರ್ಡನ್ನೂ ಕದಿಯಲಿಲ್ಲ. ಯಂತ್ರದ ಅವಸರವೇ ಅವರ ಬಂಡವಾಳ.

ಎಚ್ಚರಿಕೆಯ ಮಾತು ಮೊದಲೂ ಇತ್ತು. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದವರೂ ಸೇರಿದ್ದ ಸಂಶೋಧಕರ ತಂಡವೊಂದು ತಕ್ಷಣದ ಪಾವತಿಯಲ್ಲಿ ಈ ಮೋಸ ಎಷ್ಟು ಸುಲಭ ಎಂಬುದನ್ನು 2012ರಲ್ಲೇ ಪ್ರಯೋಗ ಮಾಡಿ ತೋರಿಸಿತ್ತು. ಆದರೂ ಅನೇಕ ಅಂಗಡಿಯವರು ಒಂದು ನಂಬಿಕೆಯ ಮೇಲೆ ವ್ಯಾಪಾರ ನಡೆಸಿದರು. ಮೊದಲು ಬಂದ ಪಾವತಿಯನ್ನೇ ಜಾಲದ ಕಂಪ್ಯೂಟರುಗಳು ಇಟ್ಟುಕೊಳ್ಳುತ್ತವೆ, ಆಮೇಲೆ ಬಂದದ್ದನ್ನು ತಳ್ಳಿಹಾಕುತ್ತವೆ ಎಂಬ ನಂಬಿಕೆ ಅದು. ಅದು ರೂಢಿಯಾಗಿತ್ತೇ ಹೊರತು ಕಟ್ಟಳೆಯಾಗಿರಲಿಲ್ಲ.

ಆ ರೂಢಿಯೂ ಸಡಿಲವಾಗುತ್ತಾ ಬಂತು. ಬಿಟ್‌ಕಾಯಿನ್ ಜಾಲದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ತಂತ್ರಾಂಶ ಬಿಟ್‌ಕಾಯಿನ್ ಕೋರ್. ಶುಲ್ಕ ಕಡಿಮೆಯಾಗಿ ಸಿಕ್ಕಿಹಾಕಿಕೊಂಡ ಪಾವತಿಯನ್ನು ಹೆಚ್ಚು ಶುಲ್ಕದ ಇನ್ನೊಂದರಿಂದ ಬದಲಿಸಲು 2016ರಲ್ಲಿ ಅದು ಅವಕಾಶ ಕೊಟ್ಟಿತು. ಪ್ರಾಮಾಣಿಕರಿಗೆಂದೇ ಮಾಡಿದ ಅನುಕೂಲ, ಅದರಲ್ಲಿ ತಪ್ಪೇನೂ ಇಲ್ಲ. ಆಗ ಬದಲಿಸಬಹುದಾದ ಪಾವತಿಗೆ ಒಂದು ಗುರುತು ಇರುತ್ತಿತ್ತು. ಗುರುತಿಲ್ಲದ್ದನ್ನು ನಂಬಬಹುದು ಎಂದು ವ್ಯಾಪಾರಿಗಳಿಗೆ ಹೇಳುವವರಿದ್ದರು. 2022ರ ಆವೃತ್ತಿಯಲ್ಲಿ ಗುರುತಿಲ್ಲದ್ದನ್ನೂ ಬದಲಿಸುವ ಆಯ್ಕೆ ಸೇರಿತು, 2024ರ ಅಕ್ಟೋಬರ್‌ನ ಆವೃತ್ತಿಯಲ್ಲಿ ಅದೇ ಮಾಮೂಲಿ ವ್ಯವಸ್ಥೆಯಾಯಿತು. ಹಳೆಯ ಪುಸ್ತಕಗಳಲ್ಲಿ, ವಿಡಿಯೋಗಳಲ್ಲಿ ಆ ಸಲಹೆ ಇನ್ನೂ ಸಿಗುತ್ತದೆ. ಅದನ್ನು ನಂಬಬೇಡಿ.

ಹಾಗಾದರೆ ಎಷ್ಟು ಕಾಯಬೇಕು? ಆರು ದೃಢೀಕರಣ, ಅಂದರೆ ಸುಮಾರು ಒಂದು ಗಂಟೆ ಎಂಬುದು ಬಳಕೆಯಲ್ಲಿರುವ ಮಾತು. ಬಿಟ್‌ಕಾಯಿನ್ ಕಲ್ಪನೆಯನ್ನು 2008ರಲ್ಲಿ ಮುಂದಿಟ್ಟ ಸತೋಶಿ ನಾಕಾಮೋಟೋ ಎಂಬ ಹೆಸರಿನ ಬರಹದಲ್ಲೇ ಇದರ ಗಣಿತ ಇದೆ. ಮೋಸಗಾರನ ಕೈಯಲ್ಲಿ ಇಡೀ ಜಾಲದ ಶೇಕಡ 10ರಷ್ಟು ಲೆಕ್ಕದ ಶಕ್ತಿ ಇದ್ದರೂ, ಐದು ಪುಟ ಬಿದ್ದ ಮೇಲೆ ಅವನು ಗೆಲ್ಲುವ ಸಾಧ್ಯತೆ ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ಅದೇ ಶೇಕಡ 30ರಷ್ಟು ಶಕ್ತಿ ಇದ್ದರೆ ಅಷ್ಟೇ ಭದ್ರತೆಗೆ 24 ಪುಟ ಬೇಕು. ಆದ್ದರಿಂದ ಆರು ಎಂಬುದು ಮಂತ್ರವಲ್ಲ. ಚಿಕ್ಕ ಮೊತ್ತಕ್ಕೆ ಒಂದು ಸಾಕು ಎನ್ನುವವರಿದ್ದಾರೆ, ನನಗೂ ಅದು ಸರಿಯೆನಿಸುತ್ತದೆ. ಒಂದು ಲೋಟ ಕಾಫಿಗಾಗಿ ಯಾರೂ ಇಷ್ಟೆಲ್ಲ ಹೆಣಗುವುದಿಲ್ಲ.

ಇದು ಬಿಟ್‌ಕಾಯಿನ್ ಮಾತಾಯಿತು. ಸಣ್ಣಪುಟ್ಟ ನಾಣ್ಯಗಳ ಕಥೆ ಬೇರೆ. ಅವುಗಳ ಲೆಕ್ಕಿಗರೇ ಕಡಿಮೆ, ಹಾಗಾಗಿ ಬರೆದಾದ ಪುಟಗಳನ್ನೂ ಹರಿದು ಹೊಸದಾಗಿ ಬರೆಯುವುದು ಸಾಧ್ಯ. 2018ರ ಮೇ ತಿಂಗಳಲ್ಲಿ ಬಿಟ್‌ಕಾಯಿನ್ ಗೋಲ್ಡ್ ಎಂಬ ನಾಣ್ಯಕ್ಕೆ ಹೀಗಾಗಿ, ವಿನಿಮಯ ಕೇಂದ್ರಗಳಿಗೆ ಸುಮಾರು 1.8 ಕೋಟಿ ಡಾಲರ್ ನಾಮ ಬಿತ್ತು. ಹೆಸರಿನಲ್ಲಿ ಬಿಟ್‌ಕಾಯಿನ್ ಇದ್ದ ಮಾತ್ರಕ್ಕೆ ಅದರ ಭದ್ರತೆ ಬರುವುದಿಲ್ಲ.

ಕಾಯುವುದಕ್ಕೂ ಬೆಲೆ ಇದೆ, ಅದನ್ನು ಮರೆಮಾಚಬಾರದು. ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ 2017ರ ಡಿಸೆಂಬರ್‌ನಲ್ಲಿ ಬಿಟ್‌ಕಾಯಿನ್ ಪಡೆಯುವುದನ್ನೇ ನಿಲ್ಲಿಸಿತು. ಆಗ ಒಂದು ಪಾವತಿಯ ಶುಲ್ಕವೇ 20 ಡಾಲರ್ ಹತ್ತಿರ ಹೋಗಿತ್ತು. ಪಾವತಿ ಮುಗಿಯುವಷ್ಟರಲ್ಲಿ ಬಿಟ್‌ಕಾಯಿನ್ ಬೆಲೆ ಏರಿಳಿದು, ಬಾಕಿ ಕೇಳುವುದು, ಹೆಚ್ಚಾದದ್ದನ್ನು ಹಿಂತಿರುಗಿಸುವುದು ಇದೇ ಕೆಲಸವಾಗಿತ್ತು. ತಕ್ಷಣದ ಪಾವತಿಗೆಂದೇ ಲೈಟ್ನಿಂಗ್ ಎಂಬ ಜಾಲ 2018ರಿಂದ ಬಳಕೆಯಲ್ಲಿದೆ. ಹಣವನ್ನು ಮೊದಲೇ ಕಟ್ಟಿಟ್ಟು ವ್ಯವಹರಿಸುವುದರಿಂದ ಅಲ್ಲಿ ಪಾವತಿ ಕ್ಷಣಗಳಲ್ಲಿ ಮುಗಿಯುತ್ತದೆ. ಚಿಲ್ಲರೆ ವ್ಯಾಪಾರಕ್ಕೆ ಅದೇ ವಾಸಿ.

ಇನ್ನು ನಮ್ಮ ಕೇಳುಗರ ಮಗನ ವಿಷಯ. ಅವನ ಸರಕು ಒಮ್ಮೆ ಹೋದರೆ ಹೋಯಿತು. ಮೇಜು ಕುರ್ಚಿಯಾದರೆ ಲಾರಿ ಹೊರಡುವ ಮುನ್ನ ತಡೆಯಬಹುದು, ಸಾಫ್ಟ್‌ವೇರನ್ನು ತಡೆಯುವುದು ಹೇಗೆ? ಗಿರಾಕಿ ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ಏನೂ ಮಾಡುವುದು ಬೇಡ. ಮಾಟುಂಗಾದ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತವರೂ ಈಗ ಗಿರಾಕಿಯ ಮೊಬೈಲ್ ನೋಡುವುದಿಲ್ಲ, ಮೇಜಿನ ಮೇಲಿನ ಪೆಟ್ಟಿಗೆ ‘ಇಷ್ಟು ರೂಪಾಯಿ ಬಂತು’ ಎಂದು ಕೂಗಲಿ ಎಂದು ಕಾಯುತ್ತಾರೆ. ಹಾಗೆಯೇ ಹುಡುಗ ತನ್ನದೇ ವ್ಯಾಲೆಟ್‌ನಲ್ಲಿ ದೃಢೀಕರಣ ಎಣಿಸಲಿ. ಎಷ್ಟಾದ ಮೇಲೆ ಸರಕು ಕಳಿಸುತ್ತೇನೆ ಎಂಬುದನ್ನು ಬಿಲ್ಲಿನಲ್ಲೇ ಮೊದಲು ಬರೆದರೆ, ಆಮೇಲೆ ಅವಸರಿಸುವವರಿಗೆ ಅದನ್ನೇ ತೋರಿಸಬಹುದು.

ಜೊತೆಗೆ, ಇಂಥ ಆಸ್ತಿಯನ್ನು ಮಾರಿ ಬಂದ ಲಾಭಕ್ಕೆ ಭಾರತದಲ್ಲಿ 2022ರ ಏಪ್ರಿಲ್‌ನಿಂದ ಶೇಕಡ 30ರ ತೆರಿಗೆ ಇದೆ. ಹೊರದೇಶದ ಹಣವಾದ್ದರಿಂದ ವಿದೇಶಿ ವಿನಿಮಯದ ನಿಯಮಗಳೂ ಬರುತ್ತವೆ. ಅದಕ್ಕೆ ನನ್ನನ್ನಲ್ಲ, ಒಬ್ಬ ಚಾರ್ಟರ್ಡ್ ಅಕೌಂಟೆಂಟರನ್ನು ಕೇಳಿ.