ಸ್ಲೋದಲ್ಲಿ ನಡುಗುವ ಇಂಜಿನ್: ಹಳೆಯ ಟ್ರ್ಯಾಕ್ಟರು ಮತ್ತು ಮಿಸ್ತ್ರಿಯ ಕಿವಿ

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ ನದಿಯ ದಂಡೆಗಿರುವ ಮಣ್ಣೂರ ಮತ್ತು ಅದರ ಸುತ್ತಲಿನ ಕರಿಮಣ್ಣಿನ ಸೀಮೆಯಲ್ಲಿ ತೊಗರಿ, ಜೋಳ, ಕಬ್ಬಿನ ಬೇಸಾಯವು ಎತ್ತಿನಿಂದ ಟ್ರ್ಯಾಕ್ಟರಿನ ಕಡೆಗೆ ಸರಿದಂತೆಲ್ಲ ಟ್ರ್ಯಾಕ್ಟರ್ ಮಿಸ್ತ್ರಿಯ ಕಸುಬೂ ಬೇರು ಬಿಟ್ಟಿತು. ಹೊಸ ಲೈನರ್, ಪಿಸ್ಟನ್, ರಿಂಗುಗಳನ್ನು ಹಾಕಿ ಮರಳಿ ಕಟ್ಟಿದ ಹಳೆಯ ಇಂಜಿನ್ ಹೊಲದಲ್ಲಿ ಚೆನ್ನಾಗಿಯೇ ಎಳೆದು, ನಿಂತಲ್ಲಿ ಮಾತ್ರ ನಡುಗತೊಡಗಿದಾಗ ಅದರ ಕಾರಣವನ್ನು ಹುಡುಕುವುದು ಈ ಕಸುಬಿನ ಅತ್ಯಂತ ನಾಜೂಕಿನ ಭಾಗ.

ರೇಸ್ ಬಿಟ್ಟಾಗ ಇಂಜಿನ್ ತನ್ನಷ್ಟಕ್ಕೆ ತಿರುಗುವ ಕನಿಷ್ಠ ವೇಗಕ್ಕೆ ಗ್ಯಾರೇಜಿನಲ್ಲಿ ‘ಸ್ಲೋ’ ಎಂದು ಹೆಸರು. ನಾಲ್ಕು ಹೊಡೆತದ ಡೀಸೆಲ್ ಇಂಜಿನ್ನಿನಲ್ಲಿ ಪ್ರತಿ ಸಿಲಿಂಡರಿನಲ್ಲೂ ಎರಡು ಸುತ್ತಿಗೊಮ್ಮೆ ಇಂಧನ ಉರಿಯುವುದರಿಂದ, ನಿಮಿಷಕ್ಕೆ 600 ಸುತ್ತು ತಿರುಗುವ ನಾಲ್ಕು ಸಿಲಿಂಡರಿನ ಇಂಜಿನ್ ಸೆಕೆಂಡಿಗೆ 20 ಸಲ ಮಿಡಿಯುತ್ತದೆ. ಒಂದು ಸಿಲಿಂಡರ್ ಕೈಕೊಟ್ಟರೆ ಆ ಲೆಕ್ಕ 15ಕ್ಕೆ ಇಳಿದು, ತಾಳ ತಪ್ಪಿದ್ದು ಪಳಗಿದ ಕಿವಿಗೆ ಕೂಡಲೇ ತಿಳಿಯುತ್ತದೆ. ಸ್ಲೋದಲ್ಲಿ ಪ್ರತಿ ಸಲ ಚಿಮ್ಮುವ ಡೀಸೆಲ್ ಅತ್ಯಲ್ಪವಾದ್ದರಿಂದ, ವೇಗದಲ್ಲಿ ಮುಚ್ಚಿಹೋಗುವ ಸಣ್ಣ ಏರುಪೇರೂ ಇಲ್ಲಿ ಬಯಲಾಗುತ್ತದೆ.

ಹೀಗೆ ಮತ್ತೆ ಮತ್ತೆ ಕಟ್ಟಿಸಿಕೊಳ್ಳುವ ಹಳೆಯ ಯಂತ್ರಗಳಲ್ಲಿ 1963ರಲ್ಲಿ ಸ್ಥಾಪನೆಯಾದ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರ್ ಕಂಪನಿಯ ನಾಲ್ಕು ಸಿಲಿಂಡರಿನ ಬಿ-275, 1960ರಲ್ಲಿ ಆರಂಭವಾದ ಟಾಫೆಯ ಮೂರು ಸಿಲಿಂಡರಿನ ಮ್ಯಾಸ್ಸಿ ಫರ್ಗ್ಯೂಸನ್ 1035, ಜೆಕೊಸ್ಲೊವಾಕಿಯಾದ ಜೆಟರ್ ತಂತ್ರಜ್ಞಾನದ ಎಚ್‌ಎಂಟಿ ಟ್ರ್ಯಾಕ್ಟರುಗಳು ಸೇರುತ್ತವೆ. ಇವುಗಳಿಗೆ ಡೀಸೆಲ್ ಪಂಪ್, ಸಿಲಿಂಡರಿನೊಳಕ್ಕೆ ಡೀಸೆಲ್ ಚಿಮ್ಮಿಸುವ ನಾಝಲ್‌ಗಳನ್ನು ಒದಗಿಸಿದವರಲ್ಲಿ ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ಕಟ್ಟಿದ ಮೈಕೋ ಮುಖ್ಯ. 1951ರಲ್ಲಿ ಹುಟ್ಟಿದ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಗ್ಯಾರೇಜುಗಳಲ್ಲಿ ‘ಮೈಕೋ ಪಂಪ್’ ಎಂಬ ಮಾತು ಹಾಗೆಯೇ ಉಳಿದಿದೆ.

ಹುಡುಕಾಟವು ಖರ್ಚಿಲ್ಲದ ಕಡೆಯಿಂದ ಆರಂಭವಾಗಬೇಕೆಂಬುದು ಕಸುಬಿನ ರೂಢಿ, ಆದರೆ ಈಗಷ್ಟೇ ದುಡ್ಡು ಸುರಿದ ಮಾಲೀಕನ ಅನುಮಾನವೆಲ್ಲ ಹೊಸ ಪಿಸ್ಟನ್ನಿನ ಮೇಲೆಯೇ ಇರುತ್ತದೆ. ಮೊದಲು ನೋಡಬೇಕಾದದ್ದು ಗಾಳಿ. ಟ್ಯಾಂಕಿಗೂ ಡೀಸೆಲನ್ನು ಎಳೆದು ತರುವ ಫೀಡ್ ಪಂಪಿಗೂ ನಡುವಿನ ಪೈಪು ಒಳಕ್ಕೆ ಎಳೆಯುವ ಕಡೆಯದಾದ್ದರಿಂದ, ಇಂಜಿನ್ ನಡೆಯುವಾಗ ಅಲ್ಲಿ ಸೀಳು ಬಿಟ್ಟರೂ ಡೀಸೆಲ್ ಹೊರಗೆ ಸೋರದೆ ಗಾಳಿಯೇ ಒಳಗೆ ನುಗ್ಗುತ್ತದೆ. ಹೊರಗೆ ಹನಿ ಕಾಣದಿರುವುದೇ ಇಲ್ಲಿ ದಾರಿ ತಪ್ಪಿಸುತ್ತದೆ. ಇಂಜಿನ್ ಬಿಚ್ಚಿದಾಗ ತೆಗೆದ ಹಳೆಯ ತಾಮ್ರದ ವಾಷರುಗಳನ್ನೇ ಮರಳಿ ಹಾಕಿದ್ದರೆ ಅನುಮಾನ ಇನ್ನೂ ಬಲವಾಗುತ್ತದೆ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪ್ ಒತ್ತಿ, ನೊರೆಯಿಲ್ಲದ ಡೀಸೆಲ್ ಬರುವವರೆಗೆ ಗಾಳಿ ತೆಗೆಯುವುದಕ್ಕೆ ‘ಏರ್ ತೆಗೆಯುವುದು’ ಎನ್ನುತ್ತಾರೆ.

ಅದಾದ ಮೇಲೂ ನಡುಕ ನಿಲ್ಲದಿದ್ದರೆ ಸ್ಲೋದಲ್ಲಿಯೇ ಒಂದೊಂದು ನಾಝಲಿನ ಪೈಪಿನ ನಟ್ಟನ್ನು ಪಾನಾದಿಂದ ಸರದಿಯಂತೆ ಸಡಿಲಿಸಿ ನೋಡಲಾಗುತ್ತದೆ. ನಟ್ಟು ಸಡಿಲಾದಾಗ ಸದ್ದು ಕುಗ್ಗಿದರೆ ಆ ಸಿಲಿಂಡರ್ ದುಡಿಯುತ್ತಿದೆ. ಏನೂ ಬದಲಾಗದಿದ್ದರೆ ಕಳ್ಳ ಅಲ್ಲಿಯೇ ಇದ್ದಾನೆ. ಚರ್ಮವನ್ನೇ ಕೊರೆದು ಒಳಹೊಗುವಷ್ಟು ಒತ್ತಡದ ಡೀಸೆಲ್ ಇಲ್ಲಿರುವುದರಿಂದ ಕೈಯನ್ನು ದೂರವಿಡಬೇಕು. ಬಳಿಕ ಆ ನಾಝಲನ್ನು ಪಕ್ಕದ ಸಿಲಿಂಡರಿಗೆ ಬದಲಿಸಿದಾಗ ದೋಷವೂ ಜೊತೆಗೆ ಹೋದರೆ ನಾಝಲೇ ಕೆಟ್ಟಿದೆ ಎಂದರ್ಥ. ಅದರೊಳಗಿನ ಸೂಜಿಗೂ ಗೂಡಿಗೂ ನಡುವಿನ ಅಂತರ ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಎರಡು ಮೂರು ಪಾಲಿನಷ್ಟೇ ಆದ್ದರಿಂದ ಟ್ಯಾಂಕಿನ ತಳದ ನೀರು, ತುಕ್ಕುಗಳೇ ಅದನ್ನು ಹಾಳುಮಾಡಲು ಸಾಕು.

ದೋಷವು ಸಿಲಿಂಡರಿನಲ್ಲಿಯೇ ಉಳಿದರೆ ಪಂಪಿನ ಜಾತಿಯನ್ನು ನೋಡಬೇಕಾಗುತ್ತದೆ. ಸಾಲು ಪಂಪಿನಲ್ಲಿ ಸಿಲಿಂಡರಿಗೊಂದು ಎಲಿಮೆಂಟ್, ಅಂದರೆ ಡೀಸೆಲನ್ನು ಒತ್ತುವ ಪ್ಲಂಜರು ಮತ್ತು ಅದರ ಕೊಳವೆಯ ಜೋಡಿ, ಇರುವುದರಿಂದ ಒಂದೇ ಸಿಲಿಂಡರಿಗೆ ಇಂಧನ ಕಡಿಮೆಯಾಗಬಹುದು. ರೋಟರಿ ಪಂಪಿನಲ್ಲಿ ಒಂದೇ ಜೊತೆ ಪ್ಲಂಜರುಗಳು ಎಲ್ಲ ಸಿಲಿಂಡರುಗಳಿಗೂ ಹಂಚುವುದರಿಂದ, ಒಂದೇ ಸಿಲಿಂಡರ್ ಸತ್ತಾಗ ಪಂಪನ್ನು ದೂರುವುದು ಅಪರೂಪಕ್ಕೆ ಮಾತ್ರ ನ್ಯಾಯ. ಉಳಿದದ್ದು ಒತ್ತಡದ ಸೋರಿಕೆ: ವಾಲ್ವ್ ಸರಿಯಾಗಿ ಕೂಡದಿರುವುದು, ಹೆಡ್ ಬೋಲ್ಟುಗಳನ್ನು ಮರಳಿ ಬಿಗಿದ ನಂತರ ವಾಲ್ವಿನ ಟ್ಯಾಪೆಟ್ ಅಂತರವನ್ನು ಅಳೆಯದೆ ಬಿಟ್ಟಿರುವುದು. ಹೊಸ ರಿಂಗುಗಳು ಲೈನರಿಗೆ ಒಗ್ಗಲು ಭಾರ ಬೇಕಾದ್ದರಿಂದ, ಕಟ್ಟಿದ ಇಂಜಿನ್ನನ್ನು ದಿನವಿಡೀ ಸ್ಲೋದಲ್ಲಿ ಬಿಟ್ಟು ಮೃದುಮಾಡುವ ವಾಡಿಕೆ ಮೃದುವಾಗಿ ತೋರಿದರೂ ಇಂಜಿನ್ನಿಗೆ ಒಳ್ಳೆಯದಲ್ಲ.

ತಾಳ ತಪ್ಪದೆ, ವೇಗವೇ ಏರುತ್ತ ಇಳಿಯುತ್ತ ಇದ್ದರೆ ಅದು ಬೇರೆಯೇ ರೋಗ. ಅದಕ್ಕೆ ‘ಹಂಟಿಂಗ್’ ಎಂದು ಹೆಸರು. ವೇಗವನ್ನು ಹಿಡಿತದಲ್ಲಿಡುವ ಗಾಳಿಯ ಗವರ್ನರ್ ಇರುವ ಹಳೆಯ ಇಂಜಿನ್ನುಗಳಲ್ಲಿ, ಗಾಳಿ ಒಳಬರುವ ದಾರಿಯ ನಿರ್ವಾತವು ಒಂದು ತೆಳು ಪೊರೆಯನ್ನು ಎಳೆದು ಪಂಪಿನ ಇಂಧನವನ್ನು ಕಡಿಮೆ ಮಾಡುತ್ತದೆ. ಆ ಪೊರೆ ಒಣಗಿ ಬಿರುಸಾದರೆ ಅಥವಾ ಅದರ ಸಣ್ಣ ಪೈಪು ಸೀಳಿದರೆ ಹಿಡಿತ ತಪ್ಪಿ, ಸ್ಪ್ರಿಂಗು ಇಂಧನವನ್ನು ಹೆಚ್ಚಿಸುವ ಕಡೆಗೆ ನೂಕುತ್ತದೆ. ಹಾಗಾಗಿ ಪೊರೆ, ಪೈಪುಗಳನ್ನು ನೋಡದೆ ಸ್ಲೋ ವೇಗವನ್ನು ಹೊಂದಿಸುವ ಸ್ಕ್ರೂವನ್ನು ತಿರುವಿ ನಡುಕ ಮುಚ್ಚುವವನನ್ನು ಒಳ್ಳೆಯ ಮಿಸ್ತ್ರಿಯೆನ್ನಲಾಗದು. ಆ ಸ್ಕ್ರೂವಿನ ಸರದಿ ಎಲ್ಲಕ್ಕಿಂತ ಕೊನೆಯದು. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಅದನ್ನು ಬೇಕಾದಷ್ಟೇ ತಿರುವಿ, ಚೆಕ್ ನಟ್ ಬಿಗಿಯಲಾಗುತ್ತದೆ.