ಸ್ಪೋರ್ಟ್ಸ್ ಕಾರಿಗೆ ವಯಸ್ಸಾದಾಗ

ಸೀರೆ ಕೊಳ್ಳಲು ಅಂಗಡಿಗೆ ಹೋಗುವ ಗೃಹಿಣಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಈ ವರ್ಷ ಊರೆಲ್ಲ ಮುಗಿಬಿದ್ದು ಕೊಳ್ಳುವ ಸೀರೆಯನ್ನು ಐದು ವರ್ಷಗಳ ಮೇಲೆ ಪೆಟ್ಟಿಗೆಯಿಂದ ಹೊರಗೆ ತೆಗೆಯಲೂ ಸಂಕೋಚವಾದೀತು. ಆದರೆ ಕೊಪ್ಪಳ ಜಿಲ್ಲೆಯ ಮಂಗಳೂರು, ಕುಷ್ಟಗಿ, ಯಲಬುರ್ಗಾಗಳ ಕಡೆ ಹೆಂಗಸರು ಉಡುವ ಇಳಕಲ್ ಸೀರೆಗೆ ಆ ಭಯವಿಲ್ಲ. ಅದರ ಅಂಚು, ಅದರ ಕೆಂಪು ಸೆರಗು ಅಜ್ಜಿಯ ಕಾಲದಲ್ಲಿ ಹೇಗೆ ಒಪ್ಪುತ್ತಿದ್ದುವೋ ಮೊಮ್ಮಗಳ ಕಾಲದಲ್ಲಿಯೂ ಹಾಗೆಯೇ ಒಪ್ಪುತ್ತವೆ. ಅದು ಹಳತಾಯಿತೆಂದು ಯಾರೂ ಮೂಗು ಮುರಿಯುವುದಿಲ್ಲ.

ಬಟ್ಟೆಗೆ ಸಲ್ಲುವ ಈ ಮಾತು ಮೋಟಾರು ಕಾರಿಗೂ ಸಲ್ಲುತ್ತದೆ. ಸ್ಪೋರ್ಟ್ಸ್ ಕಾರಿಗಂತೂ ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಸಂಸಾರಸ್ಥರ ಕಾರನ್ನು ಅಳೆಯಲು ಹಲವು ಅಳತೆಗೋಲುಗಳುಂಟು. ಎಷ್ಟು ಮಂದಿ ಕೂರಬಹುದು, ಲೀಟರು ಪೆಟ್ರೋಲಿಗೆ ಎಷ್ಟು ದೂರ ಓಡೀತು, ಮದುವೆಗೆ ಹೊರಟಾಗ ಪೆಟ್ಟಿಗೆ ಹಿಡಿಸೀತೆ? ಸ್ಪೋರ್ಟ್ಸ್ ಕಾರನ್ನು ಬಯಸುವವರು ಇದಾವುದನ್ನೂ ಕೇಳುವುದಿಲ್ಲ. ಅವರಿಗೆ ಬೇಕಾದುದು ಎರಡೇ: ವೇಗ ಮತ್ತು ಚೆಲುವು. ಇವೆರಡರಲ್ಲಿ ವೇಗ ಬಹುಬೇಗ ಹಳಸುತ್ತದೆ. ೧೯೬೧ರಲ್ಲಿ ಜಾಗ್ವಾರ್ ಸಂಸ್ಥೆ ತನ್ನ ‘ಇ-ಟೈಪ್’ ಕಾರು ಗಂಟೆಗೆ ೨೪೦ ಕಿಲೋಮೀಟರು ಓಡುತ್ತದೆಂದು ಸಾರಿದಾಗ ಜನ ಬೆರಗಾದರು. ಇಂದು ಜರ್ಮನಿಯ ಹೆದ್ದಾರಿಗಳಲ್ಲಿ ಅಪ್ಪ ಅಮ್ಮ ಮಕ್ಕಳು ಕುಳಿತ ನಾಲ್ಕು ಬಾಗಿಲಿನ ಕಾರೂ ಆ ವೇಗವನ್ನು ಮುಟ್ಟಬಲ್ಲುದು. ವಯಸ್ಸಾದ ಮೇಲೆ ಸ್ಪೋರ್ಟ್ಸ್ ಕಾರಿಗೆ ಉಳಿಯುವ ಆಸ್ತಿ ಅದರ ರೂಪವೊಂದೇ.

ಆ ರೂಪವಾದರೂ ಎಲ್ಲ ಕಾರುಗಳಲ್ಲಿ ಒಂದೇ ಬಗೆಯಾಗಿ ಬಾಳುವುದಿಲ್ಲ. ಕೆಲವಕ್ಕೆ ಹತ್ತೇ ವರ್ಷಗಳಲ್ಲಿ ಮುಪ್ಪು ಅಡರುತ್ತದೆ. ಕೆಲವು ಅರವತ್ತನ್ನು ದಾಟಿಯೂ ತರುಣರನ್ನು ತಿರುಗಿ ನೋಡುವಂತೆ ಮಾಡುತ್ತವೆ. ಈ ಭೇದಕ್ಕೆ ಕಾರಣವೇನು? ಬೆಂಗಳೂರಿನ ಸಂಸ್ಥೆಯೊಂದು ಹೊರತಂದ ಪುಟ್ಟ ಕಾರೊಂದರ ಕಥೆಯಲ್ಲಿ ಇದಕ್ಕೆ ಉತ್ತರ ದೊರೆಯುತ್ತದೆ.

ಹೆಸರು ಬಿರುಗಾಳಿ

೧೯೯೮ನೆಯ ವರ್ಷ ಭಾರತದ ಕಾರುಗಳ ಇತಿಹಾಸದಲ್ಲಿ ಸ್ಮರಣೀಯವಾದುದು. ಹ್ಯೂಂಡೈ ಸಂಸ್ಥೆಯ ಸ್ಯಾಂಟ್ರೊ, ಡೇವೂವಿನ ಮಾಟಿಜ್, ಟಾಟಾ ಅವರ ಇಂಡಿಕಾ ಆ ಒಂದೇ ವರ್ಷದಲ್ಲಿ ಜನರ ಮುಂದೆ ಬಂದುವು. ಎಲ್ಲವೂ ಮಧ್ಯಮ ವರ್ಗದ ಮನೆಗಳಿಗೆಂದು ಹುಟ್ಟಿದ ಸಣ್ಣ ಕಾರುಗಳು. ಅದೇ ವರ್ಷ ಬೆಂಗಳೂರಿನ ಸ್ಯಾನ್ ಮೋಟಾರ್ಸ್ ಸಂಸ್ಥೆ ಇವಕ್ಕೆ ತೀರ ವಿರುದ್ಧವಾದ ಸಾಹಸಕ್ಕೆ ಕೈಹಾಕಿತು. ಅದು ಹೊರತಂದ ‘ಸ್ಯಾನ್ ಸ್ಟಾರ್ಮ್’ ಇಬ್ಬರು ಮಾತ್ರ ಕೂರಬಹುದಾದ, ತಗ್ಗಾದ, ದುಂಡು ಮೈಯ ಸ್ಪೋರ್ಟ್ಸ್ ಕಾರು. ಫ್ರಾನ್ಸಿನ ವಿನ್ಯಾಸಕಾರರು ರೂಪಿಸಿದ ಇದರ ತಯಾರಿಕೆ ಗೋವೆಯಲ್ಲಿ ನಡೆಯಿತು. ಹೊರಮೈ ಫೈಬರ್‌ಗ್ಲಾಸಿನದು, ಎಂಜಿನು ಫ್ರಾನ್ಸಿನ ರೆನೋ ಸಂಸ್ಥೆಯದು.

ಪಶ್ಚಿಮ ದೇಶಗಳಲ್ಲಿ ಆಗ ತೆರೆದ ಪುಟ್ಟ ಕಾರುಗಳಿಗೆ ಮತ್ತೆ ಸುಗ್ಗಿ ಬಂದಿದ್ದಿತು. ೧೯೮೯ರಲ್ಲಿ ಜಪಾನಿನ ಮಾಜ್ದಾ ಸಂಸ್ಥೆ ‘ಎಂಎಕ್ಸ್-೫’ ಕಾರನ್ನು ಹೊರತಂದು ಹಳೆಯ ಬ್ರಿಟಿಷ್ ಕಾರುಗಳ ಸೊಗಸನ್ನು ಹೊಸ ಪೀಳಿಗೆಗೆ ಪರಿಚಯಿಸಿತ್ತು. ಅದರ ಹಿಂದೆಯೇ ಬಿಎಂಡಬ್ಲ್ಯು, ಮರ್ಸಿಡಿಸ್, ಫಿಯೆಟ್, ಎಂ.ಜಿ. ಎಲ್ಲರೂ ಆ ಹಾದಿ ಹಿಡಿದರು. ಸ್ಯಾನ್ ಸ್ಟಾರ್ಮ್ ಆ ಅಲೆ ಭಾರತದ ದಡಕ್ಕೆ ಬಂದು ತಾಗಿದುದರ ಗುರುತು.

ಆದರೆ ಇಲ್ಲಿ ಅದಕ್ಕೆ ಒಲಿದವರು ಕೆಲವೇ ಮಂದಿ. ಅದರ ೧,೧೪೯ ಸಿ.ಸಿ. ಎಂಜಿನು ಯೂರೋಪಿನಲ್ಲಿ ಕ್ಲಿಯೋ, ಟ್ವಿಂಗೋಗಳಂಥ ಸಾಧು ಸ್ವಭಾವದ ಕಾರುಗಳಿಗೆ ಹೂಡುತ್ತಿದ್ದ ಎಂಜಿನು. ಶಕ್ತಿ ಸುಮಾರು ೬೦ ಅಶ್ವಬಲ. ಹೆಸರು ಬಿರುಗಾಳಿ; ಬೀಸಿದ್ದು ತಂಗಾಳಿ. ಇಡೀ ಕುಟುಂಬ ಕೂರುವಂಥ ಕಾರನ್ನು ಕೊಳ್ಳಬಹುದಾದ ಹಣವನ್ನು ಇಬ್ಬರ ವಿಹಾರಕ್ಕಾಗಿ ತೆರಬಲ್ಲವರು ಆಗ ಎಷ್ಟು ಜನ? ಬಹು ಸ್ವಲ್ಪ ಸಂಖ್ಯೆಯಲ್ಲಿ ಮಾರಾಟವಾಗಿ ಅದರ ತಯಾರಿಕೆ ನಿಂತುಹೋಯಿತು.

ಇಷ್ಟಾದರೂ, ಒಡೆಯರು ಜತನದಿಂದ ಕಾಪಾಡಿದ ಸ್ಟಾರ್ಮ್ ಕಾರೊಂದು ಇಂದು ಎದುರಾದರೆ ಅದು ಯಾವ ಕಾಲದ್ದೆಂದು ಥಟ್ಟನೆ ಹೇಳುವುದು ಕಷ್ಟ. ಅದರ ಜತೆಗೆ ಹುಟ್ಟಿದ ಸಣ್ಣ ಕಾರುಗಳ ಮೇಲೆ ೧೯೯೮ರ ಮುದ್ರೆ ಸ್ಪಷ್ಟವಾಗಿದೆ. ದುರ್ಬಲ ಎಂಜಿನಿನ ದೂರು ಈಗ ಯಾರ ನೆನಪಿನಲ್ಲಿಯೂ ಇಲ್ಲ. ಓಟದಲ್ಲಿ ಸೋತ ಕಾರು ರೂಪದಲ್ಲಿ ಉಳಿದುಕೊಂಡಿದೆ.

ಗಾಳಿ ತಿದ್ದಿದ ಗೆರೆ

ರೂಪ ಬಾಳಲು ಮುಖ್ಯ ಕಾರಣ, ಅದರ ಗೆರೆಗಳು ಯಾವುದೋ ಅಗತ್ಯದಿಂದ ಹುಟ್ಟಿರುವುದು. ಜಾಗ್ವಾರ್ ಇ-ಟೈಪನ್ನು ರೂಪಿಸಿದ ಮ್ಯಾಲ್ಕಮ್ ಸೇಯರ್ ವಿಮಾನ ಕಾರ್ಖಾನೆಯಲ್ಲಿ ಪಳಗಿದ ಎಂಜಿನಿಯರು. ಆ ನೀಳವಾದ ಮೂತಿಯ ಒಂದೊಂದು ಬಾಗನ್ನೂ ಆತ ಗಣಿತದ ಲೆಕ್ಕದಿಂದ ನಿರ್ಧರಿಸಿದ. ಗಾಳಿಯನ್ನು ಸುಲಭವಾಗಿ ಸೀಳಬೇಕೆಂಬುದೇ ಅವನ ಗುರಿ. ಚೆಲುವು ತಾನಾಗಿ ಹಿಂಬಾಲಿಸಿತು. ಗಾಳಿಯ ಸ್ವಭಾವ ೧೯೬೧ರಲ್ಲಿ ಹೇಗಿತ್ತೋ ಇಂದಿಗೂ ಹಾಗೆಯೇ ಇದೆ. ಆದುದರಿಂದ ಆ ಗೆರೆಗಳೂ ಹಳತಾಗಲಿಲ್ಲ. ೧೯೯೬ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯ ಒಂದು ಇ-ಟೈಪನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು.

ಅದೇ ಕಾರಿಗೆ ಮುಪ್ಪು ಬಂದದ್ದು ಇನ್ನೊಂದು ದಾರಿಯಿಂದ. ಅಮೆರಿಕದ ಹೊಸ ಸುರಕ್ಷತಾ ನಿಯಮಗಳಿಗಾಗಿ ೧೯೬೦ರ ದಶಕದ ಕೊನೆಗೆ ಮುಂದೀಪಗಳ ಮೇಲಿನ ಗಾಜಿನ ಹೊದಿಕೆ ಹೋಯಿತು, ದೊಡ್ಡ ದೀಪಗಳು ಬಂದುವು, ಬಂಪರು ಬದಲಾಯಿತು. ಆ ಮಾರ್ಪಾಡುಗಳು ಅಗತ್ಯವಾಗಿದ್ದುವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮೂಲ ಲೆಕ್ಕದಲ್ಲಿ ಅವಕ್ಕೆ ಜಾಗವಿರಲಿಲ್ಲ. ಇಂದು ರಸಿಕರು ಹೆಚ್ಚು ಬೆಲೆ ಕೊಡುವುದು ಮೊದಲ ಇ-ಟೈಪುಗಳಿಗೇ.

ಜರ್ಮನಿಯ ಪೋರ್ಷೆ ೯೧೧ ಕಾರಿನ ಕಥೆಯೂ ಇದನ್ನೇ ಹೇಳುತ್ತದೆ. ಸಂಸ್ಥೆಯ ಸ್ಥಾಪಕನ ಮೊಮ್ಮಗ ಫರ್ಡಿನೆಂಡ್ ಅಲೆಕ್ಸಾಂಡರ್ ಪೋರ್ಷೆ ರೂಪಿಸಿದ ಈ ಕಾರು ೧೯೬೩ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. ಎಂಜಿನು ಹಿಂದೆ ಇರುವುದರಿಂದ ಮೂತಿ ತಗ್ಗು. ಮಾಡು ಹಿಂದಕ್ಕೆ ಇಳಿಜಾರಾಗಿ ಹರಿಯುತ್ತದೆ. ಅಂದಿನಿಂದ ಇಂದಿನವರೆಗೆ ಹಲವು ಬಾರಿ ಹೊಸದಾಗಿ ಕಟ್ಟಿದರೂ ಆ ಆಕೃತಿಯನ್ನು ಸಂಸ್ಥೆ ಬಿಟ್ಟಿಲ್ಲ. ಒಮ್ಮೆ ಮಾತ್ರ, ೧೯೯೭ರ ಮಾದರಿಯಲ್ಲಿ, ದುಂಡು ದೀಪಗಳನ್ನು ಕೈಬಿಟ್ಟು ಬೇರೆ ಆಕಾರದವನ್ನು ಇಟ್ಟಿತು. ಒಡೆದ ಮೊಟ್ಟೆಯೆಂದು ಜನ ಹಾಸ್ಯ ಮಾಡಿದರು. ೨೦೦೪ರ ಮಾದರಿಗೆ ದುಂಡು ದೀಪ ಮರಳಿ ಬಂದಿತು.

ಗೆರೆಯಂತೆಯೇ ಪ್ರಮಾಣವೂ ಮುಖ್ಯ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯಲ್ಲಿ ತೇರನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ತೇರಿಗೆ ಕಟ್ಟುವ ಹೂವು, ಬಾವುಟ, ಬಟ್ಟೆ ವರ್ಷ ವರ್ಷವೂ ಹೊಸತು. ಆದರೆ ಗಾಲಿ ಎಷ್ಟು ದೊಡ್ಡದು, ಬುಡ ಎಷ್ಟು ಅಗಲ, ಮೇಲಿನ ಭಾಗ ಎಷ್ಟು ಎತ್ತರ ಎಂಬ ಲೆಕ್ಕ ಬದಲಾಗುವುದಿಲ್ಲ. ಕಾರನ್ನು ನೋಡುವ ಕಣ್ಣೂ ಮೊದಲು ಗಾಲಿಯನ್ನು, ಗಾಲಿಗೂ ಮೈಗೂ ಇರುವ ಸಂಬಂಧವನ್ನು ಗ್ರಹಿಸುತ್ತದೆ. ಆ ಸಂಬಂಧ ಸರಿಯಿದ್ದರೆ ಸಣ್ಣಪುಟ್ಟ ದೋಷಗಳನ್ನು ಕಾಲ ಮನ್ನಿಸುತ್ತದೆ. ಸ್ಯಾನ್ ಸ್ಟಾರ್ಮನ್ನು ಕಾಪಾಡಿದುದು ಇದೇ: ಪುಟ್ಟ ಮೈ, ಅದಕ್ಕೆ ತಕ್ಕ ಗಾಲಿ, ಮಿತವಾದ ಅಲಂಕಾರ.

ಹರೆಯದ ಉಬ್ಬರ

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. ಇಟಲಿಯ ಲ್ಯಾಂಬೊರ್ಗಿನಿ ಸಂಸ್ಥೆ ೧೯೭೧ರಲ್ಲಿ ಮೊದಲು ಪ್ರದರ್ಶಿಸಿದ ‘ಕೌಂಟಾಷ್’ ಕಾರು ಮಾರ್ಚೆಲ್ಲೊ ಗಾಂಡೀನಿ ಎಂಬ ವಿನ್ಯಾಸಕಾರನ ಕೃತಿ. ಬೆಣೆಯಂತೆ ಚೂಪಾದ, ಒಂದೇ ಏಟಿಗೆ ಕೊಯ್ದಂಥ ಆಕೃತಿ. ಮುಂದೆ ಅದಕ್ಕೆ ಅಗಲವಾದ ಚಕ್ರ, ಅದನ್ನು ಮುಚ್ಚಲು ಉಬ್ಬಿದ ಅಂಚು, ಹಿಂದೆ ದೊಡ್ಡದೊಂದು ರೆಕ್ಕೆ ಬಂದುವು. ಎಷ್ಟೋ ಹುಡುಗರ ಕೋಣೆಯ ಗೋಡೆಯನ್ನು ಅಲಂಕರಿಸಿದ್ದು ಆ ರೆಕ್ಕೆಯ ಕಾರಿನ ಚಿತ್ರವೇ. ವಿನೋದವೆಂದರೆ, ರೆಕ್ಕೆ ಕಾರಿನ ವೇಗವನ್ನು ಹೆಚ್ಚಿಸುವುದಕ್ಕೆ ಬದಲು ತಗ್ಗಿಸುತ್ತಿತ್ತು! ಇಂದು ಸಂಗ್ರಹಕಾರರು ಅರಸುವುದು ರೆಕ್ಕೆಯಿಲ್ಲದ, ಉಬ್ಬಿಲ್ಲದ ಮೊದಲ ಮಾದರಿಯನ್ನು.

ಕೆಲವು ಸೊಗಸುಗಳು ಹಳತಾಗಿ, ಮತ್ತೆ ಪ್ರಿಯವಾಗುವುದೂ ಉಂಟು. ಗುಂಡಿ ಒತ್ತಿದರೆ ಕಣ್ಣು ತೆರೆದಂತೆ ಬಾನೆಟ್ಟಿನಿಂದ ಮೇಲೇಳುವ ದೀಪಗಳು ಒಂದು ಕಾಲದಲ್ಲಿ ಸ್ಪೋರ್ಟ್ಸ್ ಕಾರಿನ ಲಕ್ಷಣವೇ ಆಗಿದ್ದುವು. ಮೂತಿಯನ್ನು ತಗ್ಗಾಗಿರಿಸಿ, ದೀಪವನ್ನು ಕಾನೂನು ಹೇಳಿದ ಎತ್ತರಕ್ಕೆ ಏರಿಸುವ ಉಪಾಯವದು. ದೀಪಗಳ ತಂತ್ರ ಸುಧಾರಿಸಿದ ಮೇಲೆ, ಪಾದಚಾರಿಗಳ ಸುರಕ್ಷತೆಗೆ ನಿಯಮಗಳು ಬಂದ ಮೇಲೆ ಅವು ಹಿಂದೆ ಸರಿದುವು. ೨೦೦೪ರಲ್ಲಿ ಲೋಟಸ್ ಎಸ್ಪ್ರಿಟ್ ಕಾರಿನೊಂದಿಗೂ ಆಗಿನ ಷೆವ್ರೊಲೆ ಕಾರ್ವೆಟ್ ಮಾದರಿಯೊಂದಿಗೂ ಅವುಗಳ ಯುಗ ಮುಗಿಯಿತು. ಈಗ ಅವನ್ನು ಕಂಡ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ದೊಡ್ಡವರು ತಮ್ಮ ಹರೆಯವನ್ನು ನೆನೆಯುತ್ತಾರೆ.

ಎರವಲು ತಂದ ಒಡವೆಯಂತೂ ಬೇಗ ಗುಟ್ಟು ಬಿಟ್ಟುಕೊಡುತ್ತದೆ. ಸಣ್ಣ ತಯಾರಕರು ದೀಪ, ಹಿಡಿ, ಗುಂಡಿಗಳಿಗೆಲ್ಲ ತಮ್ಮದೇ ಅಚ್ಚು ಮಾಡಿಸಲಾರರು. ದೊಡ್ಡ ಸಂಸ್ಥೆಗಳ ಕಾರುಗಳಿಂದ ಅವನ್ನು ತರುತ್ತಾರೆ. ಬ್ರಿಟನ್ನಿನ ಆಸ್ಟನ್ ಮಾರ್ಟಿನ್ ಸಂಸ್ಥೆಯ ಬಲು ಬೆಲೆಯ ಡಿಬಿ೭ ಕಾರಿನ ಹಿಂದೀಪಗಳೂ ಮಾಜ್ದಾದ ಸಾಧಾರಣ ಕಾರಿನಿಂದ ಬಂದುವು. ಮೈಯ ಗೆರೆಗೆ ವಯಸ್ಸಾಗದಿದ್ದರೂ ಇಂಥ ಬಿಡಿಭಾಗ ತನ್ನ ಇಸವಿಯನ್ನು ಸಾರಿ ಹೇಳುತ್ತದೆ.

ಗಾಜಿನ ನಾರಿನ ಮೈ

ರೂಪ ಎಷ್ಟೇ ಚೆನ್ನಾಗಿದ್ದರೂ ಅದನ್ನು ಹೊತ್ತ ಮೈ ಉಳಿಯಬೇಕಷ್ಟೆ. ಉಕ್ಕಿನ ತಗಡನ್ನು ಬಾಗಿಸಲು ಕೋಟ್ಯಂತರ ರೂಪಾಯಿಗಳ ಯಂತ್ರಗಳು ಬೇಕು. ಗಾಜಿನ ಎಳೆಗಳನ್ನು ಅಂಟುರಾಳದಲ್ಲಿ ಅದ್ದಿ ಅಚ್ಚಿನಲ್ಲಿ ಗಟ್ಟಿಗೊಳಿಸುವ ಫೈಬರ್‌ಗ್ಲಾಸಿಗೆ ಅಷ್ಟು ಬಂಡವಾಳ ಬೇಡ. ಅಮೆರಿಕದ ಕಾರ್ವೆಟ್ ೧೯೫೩ರಲ್ಲಿಯೇ ಈ ಹಾದಿ ತೋರಿತ್ತು. ಬೆಂಗಳೂರಿಗೂ ಅದು ಹೊಸದಲ್ಲ. ೧೯೮೦ರ ದಶಕದಲ್ಲಿ ಇಲ್ಲಿನ ಸಿಪಾನಿ ಸಂಸ್ಥೆ ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರನ್ನು ಆಧರಿಸಿ ‘ಡಾಲ್ಫಿನ್’ ಎಂಬ ಫೈಬರ್‌ಗ್ಲಾಸ್ ಕಾರನ್ನು ತಯಾರಿಸಿತ್ತು. ಸ್ಪೋರ್ಟ್ಸ್ ಕಾರಲ್ಲದಿದ್ದರೂ ಮೈ ಹಗುರವಾಗಿದ್ದುದರಿಂದ ಅದು ಮೋಟಾರು ಸ್ಪರ್ಧೆಗಳಲ್ಲಿ ಹೆಸರು ಗಳಿಸಿತು.

ಫೈಬರ್‌ಗ್ಲಾಸಿಗೆ ತುಕ್ಕಿನ ಭಯವಿಲ್ಲ. ಆದರೆ ಅದಕ್ಕೂ ತನ್ನದೇ ಆದ ಮುಪ್ಪುಂಟು. ಬಿಸಿಲಿಗೆ ಮೇಲ್ಪದರ ಮಂಕಾಗುತ್ತದೆ. ಪೆಟ್ಟು ಬಿದ್ದೆಡೆ ಜೇಡನ ಬಲೆಯಂತೆ ಸಣ್ಣ ಬಿರುಕುಗಳು ಹರಡುತ್ತವೆ. ಹೊರಗೆ ಎಲ್ಲವೂ ನೆಟ್ಟಗೆ ಕಾಣುತ್ತಿರುವಾಗಲೇ ಒಳಗಿನ ಉಕ್ಕಿನ ಚೌಕಟ್ಟು ಸದ್ದಿಲ್ಲದೆ ತುಕ್ಕು ಹಿಡಿಯಬಹುದು. ಬಾಗಿಲಿನ ರಬ್ಬರು ಬಿರಿಯುತ್ತದೆ, ದೀಪದ ಪ್ಲಾಸ್ಟಿಕ್ಕು ಹಳದಿಯಾಗುತ್ತದೆ. ಕೆಲವೇ ಸಂಖ್ಯೆಯಲ್ಲಿ ತಯಾರಾದ ಕಾರಿಗೆ ಇವನ್ನು ಅಂಗಡಿಯಲ್ಲಿ ಕೊಳ್ಳುವಂತಿಲ್ಲ. ಸ್ಟಾರ್ಮ್ ಹುಟ್ಟಿದಾಗ ರೆನೋ ಕಾರುಗಳೇ ಭಾರತದಲ್ಲಿ ಮಾರಾಟವಾಗುತ್ತಿರಲಿಲ್ಲವಾದುದರಿಂದ ಎಂಜಿನಿನ ಭಾಗಗಳಿಗೂ ಪರದಾಟ ತಪ್ಪಿದ್ದಲ್ಲ.

ನಡುವಯಸ್ಸಿನ ಗಂಡಾಂತರ

ಮನುಷ್ಯನಿಗೆ ಮುಪ್ಪು ಗಂಡಾಂತರವಾದರೆ ಕಾರಿಗೆ ನಡುವಯಸ್ಸೇ ಗಂಡಾಂತರ. ಹೊಸತಿದ್ದಾಗ ಎಲ್ಲರೂ ಮುದ್ದಿಸುವರು. ತೀರ ಹಳತಾದ ಮೇಲೆ ಪೂಜಿಸುವರು. ಈ ಎರಡರ ನಡುವೆ, ಬರಿಯ ಹಳೆಯ ಸಾಮಾನೆಂದು ಎಲ್ಲರೂ ಕಡೆಗಣಿಸುವ ಕೆಲವು ದಶಕಗಳಿವೆ. ಒಳ್ಳೆಯ ವಿನ್ಯಾಸಗಳು ಹೆಚ್ಚಾಗಿ ನಾಶವಾಗುವುದು ಆಗಲೇ.

ಕಾನೂನಿನಲ್ಲಿಯೂ ಈ ಕಂದರ ಕಾಣುತ್ತದೆ. ಖಾಸಗಿ ಕಾರಿನ ನೋಂದಣಿಗೆ ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. ೬೦೦ ರೂಪಾಯಿಗಳಿದ್ದ ಆ ಶುಲ್ಕ ೨೦೨೨ರಲ್ಲಿ ೫,೦೦೦ ರೂಪಾಯಿಗಳಿಗೆ ಏರಿತು. ಇಪ್ಪತ್ತು ವರ್ಷ ದಾಟಿದ ವಾಹನಗಳಿಗೆ ೨೦೨೫ರಲ್ಲಿ ಇನ್ನೂ ಹೆಚ್ಚಾಯಿತು. ಹೊಗೆಯುಗುಳುವ ಹಳೆಯ ವಾಹನಗಳು ರಸ್ತೆ ಬಿಡಲೆಂಬುದು ಇದರ ಉದ್ದೇಶ, ಅದು ನ್ಯಾಯವೇ. ಇನ್ನೊಂದು ಕಡೆ, ಕೇಂದ್ರ ಸರ್ಕಾರ ೨೦೨೧ರ ಜುಲೈಯಲ್ಲಿ ‘ವಿಂಟೇಜ್’ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಐವತ್ತು ವರ್ಷ ದಾಟಿ, ಮೂಲರೂಪ ಕೆಡದಿರುವ ವಾಹನಕ್ಕೆ ‘ವಿಎ’ ಎಂಬ ಅಕ್ಷರಗಳುಳ್ಳ ವಿಶೇಷ ನೋಂದಣಿ. ಪ್ರದರ್ಶನಕ್ಕೆ, ವಿಂಟೇಜ್ ರ‍್ಯಾಲಿಗೆ ಅದನ್ನು ಓಡಿಸಬಹುದು, ದಿನನಿತ್ಯದ ಓಡಾಟಕ್ಕಲ್ಲ.

ಈಗ ಲೆಕ್ಕ ಹಾಕಿ ನೋಡಬಹುದು. ೧೯೯೮ರ ಸ್ಯಾನ್ ಸ್ಟಾರ್ಮಿಗೆ ಐವತ್ತು ತುಂಬುವುದು ೨೦೪೮ರಲ್ಲಿ. ೨೦೧೩ರಿಂದ ಅಲ್ಲಿಯವರೆಗೆ ಅದು ಏಳು ಬಾರಿ ನವೀಕರಣದ ಬಾಗಿಲನ್ನು ದಾಟಬೇಕು. ಒಂದೊಂದು ಬಾಗಿಲಿನಲ್ಲಿಯೂ ಒಡೆಯನ ಮುಂದೆ ಅದೇ ಪ್ರಶ್ನೆ: ಇನ್ನಷ್ಟು ಖರ್ಚು ಮಾಡುವುದೋ, ಗುಜರಿಗೆ ಹಾಕುವುದೋ?

ಮೈಸೂರು ಅರಸರ ಕಾಲದ ಭವ್ಯ ಕಾರುಗಳಿಗೆ ಆಶ್ರಯದ ಕೊರತೆಯಿಲ್ಲ. ಧರ್ಮಸ್ಥಳದ ಕಾರು ಸಂಗ್ರಹಾಲಯದಲ್ಲಿಯೂ ಶ್ರೀರಂಗಪಟ್ಟಣದ ಬಳಿಯ ‘ಪಯಣ’ದಲ್ಲಿಯೂ ಹಳೆಯ ಕಾರುಗಳು ಮೆರುಗು ಕಳೆಯದೆ ನಿಂತಿವೆ, ಮಕ್ಕಳೊಡನೆ ಹೋಗಿ ನೋಡಬೇಕಾದ ಸ್ಥಳಗಳವು. ಆಶ್ರಯ ಬೇಕಾದುದು ಇನ್ನೂ ವಿಂಟೇಜಿನ ಪಟ್ಟ ಸಿಗದ ನಡುವಯಸ್ಸಿನವಕ್ಕೆ. ಅದಕ್ಕೆ ಹೆಚ್ಚಿನ ಸಾಹಸವೇನೂ ಬೇಡ. ನೆರಳು, ಒಣಗಿದ ನೆಲ, ಮೂಲ ಕಾಗದಪತ್ರಗಳು. ಕಳಚಿದ ಹಳೆಯ ದೀಪವನ್ನೋ ಹಿಡಿಯನ್ನೋ ಎಸೆಯದೆ ಡಬ್ಬದಲ್ಲಿ ಎತ್ತಿಡುವ ಬುದ್ಧಿ. ಹೊಸ ರೆಕ್ಕೆ, ಹೊಳೆಯುವ ಚಕ್ರಗಳ ಆಸೆಗೆ ಬಿದ್ದು ಮೂಲ ಗೆರೆಯನ್ನು ಕೆಡಿಸದಿರುವ ಸಂಯಮ. ಇಷ್ಟು ಸಾಕು. ಇಳಕಲ್ ಸೀರೆಯನ್ನು ಅಜ್ಜಿ ಬೇವಿನೆಲೆಯ ನಡುವೆ ಮಡಿಸಿಟ್ಟುದರಿಂದಲೇ ಅದು ಮೊಮ್ಮಗಳ ಕೈಗೆ ಬಂದಿತು. ಬೆಂಗಳೂರಿನ ಪುಟ್ಟ ಬಿರುಗಾಳಿಯೂ ಹಾಗೆ ಇನ್ನೊಂದು ಪೀಳಿಗೆಯ ಕೈಸೇರುವುದೋ ಇಲ್ಲವೋ ಎಂಬುದು ಇನ್ನುಳಿದ ಕೆಲವೇ ಕಾರುಗಳ ಒಡೆಯರ ಮನಸ್ಸಿಗೆ ಬಿಟ್ಟದ್ದು.