ಬ್ಯಾಂಕಾಕ್ ಬೀದಿ ತಿಂಡಿ, ಬೊಮ್ಮನಹಳ್ಳಿ ಲೆಕ್ಕ

60 ಗ್ರಾಂ ಒಣಮೆಣಸಿನಕಾಯಿ ಎಂದರೆ ಹೆಚ್ಚುಕಮ್ಮಿ ಒಂದು ಬೊಗಸೆ. ಬೇಸಿಗೆ ಬಂತೆಂದರೆ ಬೆಂಗಳೂರಿನ ಬೊಮ್ಮನಹಳ್ಳಿಯ ಓಣಿ ಓಣಿಗೂ ನುಗ್ಗುವ 6,000 ಲೀಟರಿನ ನೀರಿನ ಟ್ಯಾಂಕರ್ ಇದೆಯಲ್ಲ, ಅದರ ತುಂಬ ಸಕ್ಕರೆ ನೀರು ತುಂಬಿಸಿ, ಈ ಒಂದು ಬೊಗಸೆಯ ಖಾರವನ್ನಷ್ಟೇ ಅದಕ್ಕೆ ಬೆರೆಸಿ. ಖಾರ ನಾಲಿಗೆಗೆ ಗೊತ್ತಾಗದ ಹಾಗೆ ಮಾಡಲು ಅಷ್ಟು ನೀರು ಬೇಕು!

ಆ ಮೆಣಸು ಥಾಯ್ಲೆಂಡಿನ ಪ್ರಿಕ್ ಕೀ ನೂ. ನಮ್ಮ ಕರಾವಳಿಯವರು ಸೂಜಿಮೆಣಸು ಎನ್ನುವುದರ ಬಳಗದ್ದು, ಕಿರುಬೆರಳಿನ ಅರ್ಧದಷ್ಟು ಉದ್ದ. ಖಾರ ಅಳೆಯಲು ವಿಲ್ಬರ್ ಸ್ಕೋವಿಲ್ 1912ರಲ್ಲಿ ಹುಡುಕಿದ ವಿಧಾನ ಸರಳ: ಮೆಣಸಿನ ಸಾರಕ್ಕೆ ಎಷ್ಟು ಪಟ್ಟು ಸಕ್ಕರೆ ನೀರು ಬೆರೆಸಿದರೆ ಖಾರ ಕಾಣೆಯಾಗುತ್ತದೆ ಎಂದು ನೋಡುವುದು. ಈ ಪುಟ್ಟ ಕಾಯಿಗೆ 50,000ದಿಂದ 1,00,000 ಪಟ್ಟು ಬೇಕು. ಮೇಲಿನ ಅಂಕಿಯನ್ನೇ ಹಿಡಿದರೆ ಒಂದು ಗ್ರಾಂಗೆ 100 ಲೀಟರ್. ಮನೆ ಬಾಗಿಲಿಗೆ ಬರುವ 20 ಲೀಟರಿನ ನೀರಿನ ಕ್ಯಾನ್ ಐದು!

ಬ್ಯಾಂಕಾಕಿನಲ್ಲಿ ಸೋಮ್ ತಾಮ್ ಎಂಬ ಹಸಿ ಪರಂಗಿಯ ಕೋಸಂಬರಿ ಮಾಡುವ ಗಾಡಿಯ ಮುಂದೆ ನಿಂತರೆ ಮೊದಲು ಎದುರಾಗುವ ಪ್ರಶ್ನೆಯೇ ಸಂಖ್ಯೆಯದು: ಮೆಣಸಿನಕಾಯಿ ಎಷ್ಟು ಹಾಕಲಿ? ನೀವು ಬೆರಳೆತ್ತಿ ತೋರಿಸಿದಷ್ಟೇ ಕಾಯಿ ಎಣಿಸಿ ಎತ್ತರದ ಮಣ್ಣಿನ ಒರಳಿಗೆ ಬೀಳುತ್ತವೆ. ಜೊತೆಗೆ ಬೆಳ್ಳುಳ್ಳಿ. ಮರದ ಒನಕೆಯಿಂದ ನಾಲ್ಕು ಪೆಟ್ಟು. ಆಮೇಲೆ ತಾಳೆ ಬೆಲ್ಲ, ಅಲಸಂದೆ ಕಾಯಿ, ಟೊಮೆಟೊ, ಕಡಲೆಕಾಯಿ ಬೀಜ, ನಿಂಬೆರಸ, ಮೀನಿನ ಸಾಸ್, ಒಣ ಸೀಗಡಿ. ಕೊನೆಗೆ ಎಳೆ ಎಳೆಯಾಗಿ ಹೆಚ್ಚಿದ ಹಸಿ ಪರಂಗಿ. ಬಲಗೈ ಕುಟ್ಟುತ್ತಿದ್ದರೆ ಎಡಗೈಯ ಚಮಚ ತಳದಿಂದ ಮಗುಚುತ್ತಲೇ ಇರುತ್ತದೆ, ಒಂದು ಪೆಟ್ಟೂ ಚಮಚಕ್ಕೆ ತಾಗುವುದಿಲ್ಲ. ಸಸ್ಯಾಹಾರಿಗಳು ಮೀನಿನ ಸಾಸ್, ಸೀಗಡಿ ಬೇಡ ಎಂದು ಕುಟ್ಟುವ ಮೊದಲೇ ಹೇಳಿಬಿಡಬೇಕು. ಆಮೇಲೆ ಹೇಳುವಷ್ಟು ಪುರುಸೊತ್ತು ಸಿಗುವುದಿಲ್ಲ. ಸಾರು, ಹುಳಿ ಉಂಡು ಬೆಳೆದ ನಾಲಿಗೆಗೆ ಎರಡು ಕಾಯಿ ಸಾಕು. ಪಕ್ಕದಲ್ಲಿ ನಿಂತ ಊರಿನವರು ಹತ್ತು ಕಾಯಿಗೂ ಹೂಂ ಎನ್ನುತ್ತಾರೆ. ಒಂದು ಕಾಯಿ ಒಣಗಿ ಕಾಲು ಗ್ರಾಂ ತೂಗುತ್ತದೆ ಎಂದುಕೊಳ್ಳಿ. ಹತ್ತಕ್ಕೆ 250 ಲೀಟರ್, ಹನ್ನೆರಡೂವರೆ ಕ್ಯಾನ್ ನೀರು ಬೇಕಾಗುವಷ್ಟು ಖಾರ ಒಂದೇ ತಟ್ಟೆಯಲ್ಲಿ!

ಇಷ್ಟೆಲ್ಲ ಉರಿಯುವ ಈ ಅಡುಗೆಗೆ ಮೆಣಸಿನಕಾಯಿ ಬಂದು 500 ವರ್ಷವಷ್ಟೇ. 1492ಕ್ಕೆ ಮೊದಲು ಇಡೀ ಏಷ್ಯಾದಲ್ಲಿ ಒಂದೇ ಒಂದು ಮೆಣಸಿನಕಾಯಿ ಗಿಡ ಇರಲಿಲ್ಲ, ಬ್ಯಾಡಗಿಯಲ್ಲೂ ಇರಲಿಲ್ಲ. ಪೋರ್ಚುಗೀಸರು ಗೋವಾ ಹಿಡಿದದ್ದು 1510ರಲ್ಲಿ, ಮಲಕ್ಕಾ ಹಿಡಿದದ್ದು 1511ರಲ್ಲಿ. ಅದೇ ವರ್ಷ ಅವರ ದೂತ ಆಗಿನ ಥಾಯ್ ರಾಜಧಾನಿ ಅಯುತ್ಥಯದ ಅರಮನೆ ತಲುಪಿದ. ಅವರು ತೆರೆದ ಕಡಲ ದಾರಿಯಲ್ಲೇ ಅಮೆರಿಕದ ಕಾಯಿ ನಮ್ಮ ಒಗ್ಗರಣೆಗೂ ಥಾಯ್ ಒರಳಿಗೂ ಬಂದು ಬಿತ್ತು.

ಬ್ಯಾಂಕಾಕ್ ನಮಗೆ ದೂರದ ಊರೂ ಅಲ್ಲ. ಅದರ ಅಕ್ಷಾಂಶ 13.75 ಡಿಗ್ರಿ. ಬಾಗೇಪಲ್ಲಿಯದೂ ಹೆಚ್ಚುಕಮ್ಮಿ ಅಷ್ಟೇ! ಬಾಗೇಪಲ್ಲಿಯಿಂದ ನೇರ ಮೂಡಣಕ್ಕೆ ಗೆರೆ ಎಳೆದರೆ ಬಂಗಾಳ ಕೊಲ್ಲಿ ದಾಟಿ ಬ್ಯಾಂಕಾಕಿಗೇ ಹೋಗಿ ಮುಟ್ಟುತ್ತದೆ. ಬೆಂಗಳೂರಿನಿಂದ ವಿಮಾನದ ದಾರಿ ಸುಮಾರು 2,500 ಕಿ.ಮೀ. ಬೊಮ್ಮನಹಳ್ಳಿಯ ನೆತ್ತಿಯ ಮೇಲೆ ಎಲೆಕ್ಟ್ರಾನಿಕ್ ಸಿಟಿಗೆ ಓಡುವ, 2010ರಲ್ಲಿ ತೆರೆದ ಮೇಲ್ಸೇತುವೆ ರಸ್ತೆಯ ಉದ್ದ ಹತ್ತು ಕಿ.ಮೀ. ಅಂಥ 250 ಸೇತುವೆಗಳನ್ನು ತುದಿಗೆ ತುದಿ ಜೋಡಿಸಿದರೆ ಬ್ಯಾಂಕಾಕ್. ವಿಮಾನ ನಾಲ್ಕು ಗಂಟೆಯೊಳಗೆ ಇಳಿಸಿಬಿಡುತ್ತದೆ.

ಹಾಗೆ ಇಳಿಯುವವರೇನು ಕಡಿಮೆಯೇ? 2024ರಲ್ಲಿ ಥಾಯ್ಲೆಂಡಿಗೆ ಹೋದ ಭಾರತೀಯರು 21 ಲಕ್ಷಕ್ಕೂ ಹೆಚ್ಚು. ಹಗಲು ರಾತ್ರಿ ಬಿಡದೆ ನಿಮಿಷಕ್ಕೆ ನಾಲ್ಕು ಮಂದಿ. ಐವತ್ತು ಜನ ಹಿಡಿಸುವ ಒಂದು ಬಸ್ಸು ವರ್ಷವಿಡೀ ಹನ್ನೆರಡು ನಿಮಿಷಕ್ಕೊಮ್ಮೆ ಬಂದು ಬಾಗಿಲು ತೆರೆದ ಹಾಗಾಯಿತು. ಎಲ್ಲ ದೇಶದವರನ್ನೂ ಸೇರಿಸಿದರೆ 2019ರ ಒಂದೇ ವರ್ಷದಲ್ಲಿ ಬಂದವರು ಹತ್ತಿರ ಹತ್ತಿರ 4 ಕೋಟಿ. ಇವರಲ್ಲಿ ಪ್ರತಿಯೊಬ್ಬರೂ ಇಡೀ ಪ್ರವಾಸದಲ್ಲಿ ಬೀದಿ ಬದಿಯ ಪ್ಯಾಡ್ ಥಾಯ್ ನೂಡಲ್ಸ್ ಒಂದೇ ಒಂದು ಪ್ಲೇಟ್ ತಿಂದರು ಎನ್ನೋಣ. ಒಂದಕ್ಕೇ ನಿಲ್ಲಿಸುವವರನ್ನು ನಾನಂತೂ ಕಂಡಿಲ್ಲ. ಪ್ಲೇಟಿನ ಅಗಲ 25 ಸೆಂಟಿಮೀಟರ್. 4 ಕೋಟಿ ಪ್ಲೇಟುಗಳನ್ನು ಸಾಲಾಗಿ ಇಟ್ಟರೆ 10,000 ಕಿ.ಮೀ. ಬೆಂಗಳೂರಿನಿಂದ ಬ್ಯಾಂಕಾಕಿಗೆ ಹೋಗಿ ಬಂದು, ಮತ್ತೊಮ್ಮೆ ಹೋಗಿ ಬಂದರೆ ಅಷ್ಟಾಗುತ್ತದೆ!

ಪ್ಯಾಡ್ ಥಾಯ್ ಎಷ್ಟು ಹಳೆಯದು ಗೊತ್ತೇ? ನೂರು ವರ್ಷವೂ ಇಲ್ಲ. ಪ್ರಧಾನಿ ಪಿಬುನ್ ಸೋಂಗ್‌ಖ್ರಾಮ್ ಎರಡನೇ ಮಹಾಯುದ್ಧದ ಹೊತ್ತಿಗೆ ಅಕ್ಕಿ ಉಳಿಸಲು, ದೇಶಾಭಿಮಾನ ಬೆಳೆಸಲು ಜನರಿಗೆ ನೂಡಲ್ಸ್ ತಿನ್ನಿ ಎಂದು ಪ್ರಚಾರ ಮಾಡಿಸಿದಾಗ ಮೇಲೆ ಬಂದ ತಿಂಡಿ ಅದು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಶುರುವಾದದ್ದು 1943ರಲ್ಲಿ, ಅಂದರೆ ಅದರ ಓರಗೆಯದು. ಲಾಲ್‌ಬಾಗ್ ರಸ್ತೆಯ ಎಂಟಿಆರ್ 1924ರದು, ಅದರ ಅಣ್ಣ. ಎಂಟಿಆರ್‌ನ ರವೆ ಇಡ್ಲಿ ಹುಟ್ಟಿದ್ದೂ ಅದೇ ಯುದ್ಧದ ಅಕ್ಕಿ ಅಭಾವದಲ್ಲೇ. ಒಂದೇ ಅಕ್ಕಿ ಬರಗಾಲ, 2,500 ಕಿ.ಮೀ. ಅಂತರದಲ್ಲಿ ಎರಡು ತಿಂಡಿ!

ವಯಸ್ಸಿನ ಮಾತು ಬಂದಾಗ ಬ್ಯಾಂಕಾಕಿನ ಎಕ್ಕಮೈ ಬಡಾವಣೆಯ ವಟ್ಟನಾ ಪಾನಿಚ್ ಅಂಗಡಿಯ ಹಂಡೆಯನ್ನು ಬಿಡುವಂತಿಲ್ಲ. ದನದ ಮಾಂಸದ ಸಾರು ಅದರಲ್ಲಿ ಕುದಿಯಲು ಶುರುವಾಗಿ 50 ವರ್ಷದ ಹತ್ತಿರವಾಯಿತು. ರಾತ್ರಿ ಅಂಗಡಿ ಮುಚ್ಚುವಾಗ ಉಳಿದ ಸಾರನ್ನು ಎತ್ತಿಡುತ್ತಾರೆ, ಮೊಸರಿಗೆ ಹೆಪ್ಪು ಉಳಿಸಿಕೊಂಡ ಹಾಗೆ. ಮರುದಿನದ ಸಾರು ಅದರ ಮೇಲೇ ಏಳುತ್ತದೆ. 50 ವರ್ಷಕ್ಕೆ 18,000ಕ್ಕೂ ಹೆಚ್ಚು ರಾತ್ರಿಗಳು! ಹಂಡೆಯ ಬಾಯಿಯ ಅಗಲ ಸುಮಾರು ಐದು ಅಡಿ. ಇವತ್ತಿನ ಬಟ್ಟಲಿನಲ್ಲಿ ಅಜ್ಜನ ಕಾಲದ ಒಂದು ತೊಟ್ಟಾದರೂ ಇರಲೇಬೇಕು.

ಬೆಲೆಯಲ್ಲೂ ಎತ್ತರ ಇದೆ. ಮಹಾಚೈ ರಸ್ತೆಯ ಜೇ ಫೈ ಎಂಬ ಅಜ್ಜಿ ಕಣ್ಣಿಗೆ ದೊಡ್ಡ ಕನ್ನಡಕ ಕಟ್ಟಿಕೊಂಡು ಇದ್ದಿಲ ಒಲೆಯ ಮುಂದೆ ಏಡಿಯ ಆಮ್ಲೆಟ್ ಮಾಡುತ್ತಾರೆ. 2017ರ ಡಿಸೆಂಬರಿನಲ್ಲಿ ಬ್ಯಾಂಕಾಕಿನ ಮೊದಲ ಮಿಶೆಲಿನ್ ಪಟ್ಟಿ ಬಂದಾಗ ಅವರಿಗೆ ಒಂದು ಸ್ಟಾರ್. ಆಗಲೇ ವಯಸ್ಸು ಎಪ್ಪತ್ತು ದಾಟಿತ್ತು. ಒಂದು ಆಮ್ಲೆಟ್ಟಿಗೆ ಥಾಯ್ ಹಣದಲ್ಲಿ ಸಾವಿರ ಬಾತ್‌ಗೂ ಮೇಲೆ. ಐವತ್ತು ಬಾತ್‌ಗೆ ಸಿಗುವ ಸೋಮ್ ತಾಮ್ ಆದರೆ ಅದೇ ದುಡ್ಡಿಗೆ 20 ಪ್ಲೇಟ್, ಒಂದು ಮದುವೆ ದಿಬ್ಬಣದ ವ್ಯಾನಿಗೆ ಸಾಲುತ್ತದೆ. ನನ್ನನ್ನು ಕೇಳಿದರೆ 20 ಪ್ಲೇಟೇ ಮೇಲು.

ಶನಿವಾರ, ಭಾನುವಾರ ಸೇರುವ ಚತುಚಕ್ ಸಂತೆಗೆ ಹೋದರೆ ಲೆಕ್ಕವೇ ದಿಕ್ಕು ತಪ್ಪುತ್ತದೆ. 35 ಎಕರೆಯಲ್ಲಿ 15,000 ಅಂಗಡಿ! ಲಾಲ್‌ಬಾಗ್ 240 ಎಕರೆ, ಅದರ ಏಳನೇ ಒಂದು ಪಾಲು ಜಾಗ ಇದು. ನಮ್ಮ ಕಡೆಯ ಅಳತೆಯಲ್ಲಿ ಹೇಳಬೇಕೆಂದರೆ, ನಡೆಯುವ ದಾರಿಯನ್ನೂ ಸೇರಿಸಿ ಪ್ರತಿ ಮೂವತ್ತು ನಲವತ್ತರ ಸೈಟಿನಲ್ಲಿ ಹನ್ನೆರಡು ಅಂಗಡಿ. ಎಲ್ಲವೂ ತಿಂಡಿಯವಲ್ಲ, ಬಟ್ಟೆ, ಗಿಡ, ಪಿಂಗಾಣಿ ಎಲ್ಲ ಉಂಟು. ಅಂಗಡಿಗೆ ಒಂದೇ ನಿಮಿಷ ನಿಂತರೂ 250 ಗಂಟೆ ಬೇಕು. ಸಂತೆ ನಡೆಯುವ ದಿನ ಒಂಬತ್ತು ಗಂಟೆಯಂತೆ ಸುತ್ತಿದರೆ ಹದಿನಾಲ್ಕು ವಾರಾಂತ್ಯ, ಮೂರು ತಿಂಗಳ ಮೇಲೆ! ಇಂಥ ಕಡೆಗಳಲ್ಲಿ ಖನೋಮ್ ಕ್ರೋಕ್ ಮಾಡುವವರನ್ನು ಹುಡುಕಿ. ಗುಳಿ ಗುಳಿಯ ಕಾವಲಿ ಕಂಡೊಡನೆ ಕನ್ನಡಿಗರಿಗೆ ಪಡ್ಡು ನೆನಪಾಗುತ್ತದೆ. ಅಕ್ಕಿ ಹಿಟ್ಟು, ತೆಂಗಿನ ಹಾಲು. ಅಂಚು ಗರಿಗರಿ, ನಡುವೆ ಇನ್ನೂ ಗಟ್ಟಿಯಾಗದ ಬಿಸಿ ಹಾಲು. ಮೇಲೆ ನಾಲ್ಕು ಚೂರು ಈರುಳ್ಳಿ ಸೊಪ್ಪು. ಎರಡೆರಡು ಅರ್ಧಗಳನ್ನು ಮುಚ್ಚಿ ಒಂದು ಮಾಡಿ ಕೊಡುತ್ತಾರೆ. ಬಾಯಿ ಸುಡದ ಹಾಗೆ ತಿನ್ನುವುದು ಸಾಧ್ಯವೇ ಇಲ್ಲ.

ಇನ್ನು ಆನೆಗಳನ್ನು ಕರೆಸಲೇಬೇಕು. 2019ರ ಜನವರಿಯಲ್ಲಿ ಬ್ಯಾಂಕಾಕಿನ ಹತ್ತಿರ 10,000 ಚೀನೀ ಪ್ರವಾಸಿಗರಿಗೆಂದು ಮಾವಿನ ಹಣ್ಣು ಮತ್ತು ಅಂಟಕ್ಕಿ ಅನ್ನ ಕಲಸಿದರು. ಬೀದಿಯಲ್ಲಿ ಅಂಗೈ ಅಗಲದ ಡಬ್ಬಿಯಲ್ಲಿ ಮಾರುವ ಅದೇ ತಿಂಡಿ. ಮಾವಿನ ಹಣ್ಣು 6,000, ಅಕ್ಕಿ ಒಂದೂವರೆ ಟನ್, ಒಟ್ಟು ತೂಕ 4,500 ಕಿಲೊ, ಗಿನ್ನೆಸ್ ದಾಖಲೆ. ಮೈಸೂರು ದಸರೆಯ ಚಿನ್ನದ ಅಂಬಾರಿಯ ತೂಕ 750 ಕಿಲೊ. ಒಂದು ತಿಂಡಿ, ಆರು ಅಂಬಾರಿ! ಅಂಬಾರಿ ಹೊರುವ ಆನೆ ಅಭಿಮನ್ಯುವೇ 5 ಟನ್ನಿನ ಮೇಲಿದ್ದಾನೆ, ಅವನನ್ನು ತಕ್ಕಡಿಯ ಆ ಕಡೆ ನಿಲ್ಲಿಸಿದರೆ ಮುಳ್ಳು ಬಹಳ ವಾಲುವುದಿಲ್ಲ. ನಮ್ಮವರು ಉದ್ದದಲ್ಲಿ ಉತ್ತರ ಕೊಟ್ಟಿದ್ದಾರೆ: ಬೊಮ್ಮನಹಳ್ಳಿಯಿಂದ ಹೊಸೂರು ರಸ್ತೆಯಲ್ಲೇ ಮುಂದೆ ಬೊಮ್ಮಸಂದ್ರದಲ್ಲಿ, 2024ರ ಮಾರ್ಚ್ 15ರಂದು ಎಂಟಿಆರ್ ಫುಡ್ಸ್‌ನವರು ಹುಯ್ದ ದೋಸೆ 123 ಅಡಿ. ನಿಲ್ಲಿಸಿದರೆ ಹನ್ನೆರಡು ಅಂತಸ್ತಿನ ಅಪಾರ್ಟ್‌ಮೆಂಟ್!

ಆರು ಅಂಬಾರಿ ದೊಡ್ಡದು ಎನಿಸಿದರೆ ಹುಳಗಳನ್ನು ನೋಡಬೇಕು. ರಾತ್ರಿ ಚಿರ್ರೆನ್ನುವ, ಮಿಡತೆಯ ಜಾತಿಯ ಚಿಮ್ಮಂಡೆಗಳನ್ನು ಥಾಯ್ಲೆಂಡಿನಲ್ಲಿ ಸಾಕುತ್ತಾರೆ, ಕರಿದು ಉಪ್ಪು, ಮೆಣಸಿನ ಪುಡಿ ಉದುರಿಸಿ ಗಾಡಿಯಲ್ಲಿ ಮಾರುತ್ತಾರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 2013ರಲ್ಲಿ ಕೊಟ್ಟ ಲೆಕ್ಕ: ಹುಳ ಸಾಕುವವರು 20,000, ವರ್ಷದ ಉತ್ಪಾದನೆ 7,500 ಟನ್. ಒಂದಲ್ಲ ಎರಡಲ್ಲ, 10,000 ಅಂಬಾರಿ! ಅಭಿಮನ್ಯುವಿನಂಥ 1,500 ಆನೆಗಳ ತೂಕ. 2023ರ ಗಣತಿಯಲ್ಲಿ ಕರ್ನಾಟಕದ ಕಾಡುಗಳಲ್ಲಿದ್ದ ಆನೆಗಳೇ 6,395. ಹುಳವೊಂದಕ್ಕೆ ಒಂದು ಗ್ರಾಂ ಎಂದು ಹಿಡಿದರೆ 750 ಕೋಟಿ ಹುಳ. ಭೂಮಿಯ ಮೇಲಿರುವ ಮನುಷ್ಯರಿಗೆಲ್ಲ ತಲೆಗೊಂದರಂತೆ ಹಂಚಿದರೆ ಸುಮಾರಾಗಿ ಸರಿಹೋಗುತ್ತದೆ!

ಭೂಮಿ ಸಾಲದು ಎನ್ನುವವರಿಗೆ ನೂಡಲ್ಸ್ ಇದೆ. ಅಲ್ಲಿನ ಗಾಡಿಗಳಲ್ಲಿ ‘ಮಾಮಾ’ ಎಂಬ ಪೊಟ್ಟಣದ ನೂಡಲ್ಸನ್ನೂ ಬೇಯಿಸಿ, ನಿಂಬೆ ಹಿಂಡಿ ಕೊಡುತ್ತಾರೆ. ಹಸಿದು ನಿಂತವರಿಗೆ ಅದೂ ಪರಮಾನ್ನ. ಇನ್‌ಸ್ಟಂಟ್ ನೂಡಲ್ಸ್ ತಯಾರಕರ ವಿಶ್ವ ಸಂಘದ ಲೆಕ್ಕದಂತೆ ಥಾಯ್ಲೆಂಡ್ ವರ್ಷಕ್ಕೆ ತಿನ್ನುವುದು ಸುಮಾರು 400 ಕೋಟಿ ಪೊಟ್ಟಣ. ಜನಸಂಖ್ಯೆ ಕರ್ನಾಟಕದಷ್ಟೇ, ಆರು ಕೋಟಿ ಚಿಲ್ಲರೆ. ತಲೆಗೆ ತಿಂಗಳಿಗೆ ಐದು ಬೀಳುತ್ತದೆ. ಪೊಟ್ಟಣಕ್ಕೆ ಹತ್ತೇ ಸೆಂಟಿಮೀಟರ್ ಎಂದು ಸಾಲು ಹಚ್ಚಿದರೂ 4 ಲಕ್ಷ ಕಿ.ಮೀ. ಸಮಭಾಜಕದ ಮೇಲೆ ಹತ್ತು ಸುತ್ತು! ಚಂದ್ರ ಇರುವುದೇ 3 ಲಕ್ಷದ 84 ಸಾವಿರ ಕಿ.ಮೀ. ದೂರದಲ್ಲಿ.

ಇದೆಲ್ಲ ಒಂದೇ ದೇಶದ್ದು. ಅದೇ ಆಹಾರ ಮತ್ತು ಕೃಷಿ ಸಂಘಟನೆಯ ಇನ್ನೊಂದು ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಪ್ರತಿದಿನ ಬೀದಿ ಬದಿ ತಿನ್ನುವವರು 250 ಕೋಟಿ. ಬ್ಯಾಂಕಾಕಿನ ಯಾವರಾಟ್ ರಸ್ತೆಯಲ್ಲಿ ಮೀನಿನ ಉಂಡೆಯ ಸೂಪಿಗೆ ಕಾದು ನಿಂತವರು, ಸಜ್ಜನ್ ರಾವ್ ಸರ್ಕಲ್ಲಿನ ತಿಂಡಿ ಬೀದಿಯಲ್ಲಿ ಅವರೆಬೇಳೆ ದೋಸೆಗೆ ಕೈ ಚಾಚಿದವರು, ಸಂಜೆ ಹೊಸೂರು ರಸ್ತೆಯಲ್ಲಿ ಬಸ್ಸಿಳಿದು ಗೋಬಿ ಮಂಚೂರಿಯ ಗಾಡಿಗೆ ಮುತ್ತಿಕೊಳ್ಳುವವರು, ಎಲ್ಲರೂ ಒಂದೇ ಲೆಕ್ಕದೊಳಗೆ. ಸೆಕೆಂಡಿಗೆ 29,000 ಜನ! ನೀವು ಈ ವಾಕ್ಯ ಓದಿ ಮುಗಿಸುವಷ್ಟರಲ್ಲಿ ಒಂದು ಲಕ್ಷ ದಾಟಿರುತ್ತದೆ. ಒಬ್ಬೊಬ್ಬರಿಗೆ 25 ಸೆಂಟಿಮೀಟರಿನ ಒಂದೊಂದೇ ಪ್ಲೇಟ್ ಕೊಟ್ಟು ಆ ಪ್ಲೇಟುಗಳನ್ನು ಸಾಲಾಗಿ ಇಡುತ್ತ ಹೋದರೆ 6,25,000 ಕಿ.ಮೀ. ಚಂದ್ರನನ್ನು ಮುಟ್ಟಿ, ತಿರುಗಿ ಬರುವ ದಾರಿಯಲ್ಲೂ ಅರ್ಧಕ್ಕಿಂತ ಹೆಚ್ಚು ಮುಗಿದಿರುತ್ತದೆ. ಅದೂ ಒಂದೇ ದಿನದ ಪ್ಲೇಟುಗಳಲ್ಲಿ!